ತಕರಾರಿಲ್ಲವೆಂಬ ಚೀಟಿ

ಅಂಕಲಿ
14 ಜನವರಿ 2024

ಪ್ರಿಯ ಶೇವಂತಕ್ಕನಿಗೆ,

ಕರ್ತನ ಹೆಸರಿನಲ್ಲಿ ನಿನಗೂ ನಿನ್ನ ಮಗಳು ಸಪನಾಳಿಗೂ ವಂದನೆ. ಐದು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನಿನಗೆ ಆಶ್ಚರ್ಯವಾಗಿರಬೇಕು. ಫೋನು ಮಾಡಿದರೆ ಹೋಗುವುದಿಲ್ಲ. ನನ್ನ ನಂಬರನ್ನೂ ನನ್ನ ಗಂಡ ಭರಮುವಿನ ನಂಬರನ್ನೂ ನೀನು ಬ್ಲಾಕ್ ಮಾಡಿದ್ದೀಯ ಎಂದು ನಮ್ಮ ಓಣಿಯ ಸೀತವ್ವ ಹೇಳಿದಳು. ಅಂಚೆ ಕಚೇರಿಗೆ ಹೋಗಿ ಲಕೋಟೆ ತಂದೆ. ನೀನು ಅಥಣಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತೀಯ ಎಂದು ವಿಳಾಸ ಕೊಟ್ಟವಳೂ ಅವಳೇ.

ಸಂತೋಷದ ಸುದ್ದಿ ಏನೆಂದರೆ, ನಮ್ಮ ಸಭೆಗೆ ನನ್ನನ್ನು ಹಿರಿಯಳನ್ನಾಗಿ ಆರಿಸಿದ್ದಾರೆ. ಅಂಕಲಿ ಸಭೆಯಲ್ಲಿ ಹೆಂಗಸೊಬ್ಬಳಿಗೆ ಈ ಜವಾಬ್ದಾರಿ ಬರುತ್ತಿರುವುದು ಇದೇ ಮೊದಲು. ಸಭಾಪಾಲಕರು ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ಭಾನುವಾರಗಳ ಆರಾಧನೆ ನಡೆಸುವುದು, ಕಾಯಿಲೆಯವರನ್ನು ನೋಡುವುದು, ಜಗಳ ಬಿಡಿಸುವುದು ಎಲ್ಲ ಹಿರಿಯರ ಕೆಲಸ. ಹಗಲು ನನಗೆ ಅಂಗನವಾಡಿಯ ಮಕ್ಕಳಿದ್ದಾರೆ, ಸಂಜೆ ಇದು. ಇಪ್ಪತ್ತು ವರ್ಷ ಗುರುವಾರದ ಮನೆಪ್ರಾರ್ಥನೆ ನಡೆಸಿದವಳಿಗೆ ಇದೇನು ಭಾರ ಎಂದು ಎಲ್ಲರೂ ಹೇಳುತ್ತಾರೆ.

ಈಗಿನ ಸಭಾಪಾಲಕರು ನಿಪ್ಪಾಣಿಯವರು, ವಿಕ್ರಾಂತ ಎಂದು ಹೆಸರು, ಇನ್ನೂ ಹರೆಯದವರು. ಅವರದೊಂದು ಪದ್ಧತಿ ಇದೆ. ಆರಿಸಿ ಬಂದವರನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಾರೆ: "ಯಾರ ಜೋಡಿ ಮಾತು ಬಿಟ್ಟೀರಿ?" ಹೆಸರು ಹೇಳಿದರೆ, ಆ ಮನುಷ್ಯರ ಕೈಯಿಂದಲೇ 'ನನ್ನ ತಕರಾರಿಲ್ಲ' ಎಂಬ ಚೀಟಿ ತರಬೇಕು. ಅದು ಬರುವ ತನಕ ತಲೆಯ ಮೇಲೆ ಕೈ ಇಟ್ಟು ಹಿರಿಯರನ್ನಾಗಿ ನೇಮಿಸುವುದಿಲ್ಲ. ನನ್ನ ಜೊತೆ ಆರಿಸಿ ಬಂದ ಬಾಳಾಸಾಬನಿಗೆ ಅವನ ತಮ್ಮ ಎರಡೇ ದಿನದಲ್ಲಿ ಬರೆದುಕೊಟ್ಟ. ನಾನು ಸುಳ್ಳು ಹೇಳಬಾರದೆಂದು ನಿನ್ನ ಹೆಸರು ಹೇಳಿದೆ.

ಎರಡು ಸಾಲು ಸಾಕು. ಹಳೆಯದನ್ನೆಲ್ಲ ಶಿಲುಬೆಯ ಬುಡದಲ್ಲಿ ಇಟ್ಟುಬಿಡೋಣ. ಈಸ್ಟರ್ ಹಬ್ಬದ ದಿನ ನೇಮಕ ಇದೆ, ಅಷ್ಟರೊಳಗೆ ಕಳಿಸು. ನನ್ನ ವಿಳಾಸ ಬರೆದು, ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಒಳಗೆ ಇಟ್ಟಿದ್ದೇನೆ. ನಿನಗೆ ತ್ರಾಸಾಗಬಾರದಲ್ಲ.

ದೇವರ ಸೇವೆಯಲ್ಲಿ ನಿನ್ನ ತಂಗಿಯಂಥವಳು,
ಸುಂದರಾ


ಅಥಣಿ
2 ಫೆಬ್ರವರಿ 2024

ಸುಂದರಾ,

ನಿನ್ನ ವಂದನೆ ನಿನ್ನ ಹತ್ತಿರವೇ ಇರಲಿ. ಲಕೋಟೆ ಮಾತ್ರ ಉಪಯೋಗಕ್ಕೆ ಬಂತು. ಈ ಪತ್ರ ಅದರಲ್ಲೇ ಬರುತ್ತಿದೆ.

'ಹಳೆಯದು' ಎಂದು ಬರೆದಿದ್ದೀಯ. ನಿನಗೆ ಮರೆತಿದ್ದರೆ ನೆನಪು ಮಾಡಿಕೊಡುತ್ತೇನೆ.

ಸಪನಾಳಿಗೆ ಹದಿನೇಳನೇ ವಯಸ್ಸಿನಲ್ಲಿ ಫಿಟ್ಸ್ ಶುರುವಾಯಿತು. ಮಿರಜದ ಡಾಕ್ಟರರು ಕೊಟ್ಟ ಗುಳಿಗೆಯಿಂದ ಹಿಡಿತಕ್ಕೆ ಬಂತು. ಲಗ್ನ ಗೊತ್ತಾದ ಮೇಲೆ, ಇಡೀ ಅಂಕಲಿಯಲ್ಲಿ ಈ ಮಾತನ್ನು ನಾನು ಹೇಳಿದ್ದು ಒಬ್ಬಳಿಗೆ. ನಮ್ಮ ಹಿತ್ತಲಲ್ಲಿ ಕೂತು ನೀನು ನನ್ನ ಕೈ ಹಿಡಿದುಕೊಂಡು, "ಈ ಮಾತು ನನ್ನ ಹೊಟ್ಟ್ಯಾಗ ಸತ್ತಂಗ, ಅಕ್ಕಾ" ಎಂದೆ. ಅದೇ ವಾರ ಗುರುವಾರ ಸೀತವ್ವನ ಮನೆಯಲ್ಲಿ ಪ್ರಾರ್ಥನೆ ಇತ್ತು. ಸಪನಾಳಿಗೆ ನಿಶ್ಚಯವಾಗಿದ್ದ ಕಾಗವಾಡದ ವರನ ಸೋದರತ್ತೆ ಸೋನಾಬಾಯಿ, ಮದುವೆಯ ದಿನ ಹಿಡಿಯಲು ಬಂದವಳು, ಸೀತವ್ವನ ನೆಂಟಳೆಂದು ಅಲ್ಲೇ ಇಳಿದಿದ್ದಳು. ನೀನು ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ, ಓಣಿಗೆಲ್ಲ ಕೇಳುವಂತೆ ಬೇಡಿಕೊಂಡೆ: "ಸ್ವಾಮೀ, ನಮ್ಮ ಸಪನಾನ್ನ ನೆಲಕ್ಕ ಕೆಡವೋ ಆ ಫಿಟ್ಸ್ ಇವತ್ತ ಬಿಡಿಸು! ಆ ಗುಳಿಗಿ ಡಬ್ಬಿ ಆಕಿ ಕೈಯಿಂದ ಕಸ್ಕೊ! ಲಗ್ನದಕಿಂತ ಮೊದಲ ಕಸ್ಕೊ!"

ದೇವರು ಗುಳಿಗೆ ಡಬ್ಬಿ ಕಸಿದುಕೊಳ್ಳಲಿಲ್ಲ. ಸೋನಾಬಾಯಿ ಲಗ್ನ ಕಸಿದುಕೊಂಡಳು. ಮರುದಿನ ಬೆಳಿಗ್ಗೆ ಎಂಟರ ಬಸ್ಸಿಗೆ ಕಾಗವಾಡಕ್ಕೆ ಹೋದವಳು ಮಧ್ಯಾಹ್ನದೊಳಗೆ ಫೋನಿನಲ್ಲೇ ಸಂಬಂಧ ಮುರಿದಳು. ನಿನ್ನ ಅಂಗನವಾಡಿಯ ಪೋರರು ನನ್ನ ಮಗಳನ್ನು ಕಂಡರೆ ಕೈಕಾಲು ಸೆಟೆಸಿ ಬಿದ್ದು ತೋರಿಸುತ್ತಿದ್ದರು. ನಾಲ್ಕು ತಿಂಗಳು ಅವಳು ಹೊಸ್ತಿಲು ದಾಟಲಿಲ್ಲ. ಆಮೇಲೆ ನಾನು ಊರು ಬಿಟ್ಟೆ.

ಇಲ್ಲಿಯೂ ಚರ್ಚು ಇದೆ. ನಾನು ಹೋಗುವುದಿಲ್ಲ. ಕಣ್ಣು ಮುಚ್ಚಿಕೊಂಡವರ ನಡುವೆ ಕೂರಲು ನನಗೆ ಹೆದರಿಕೆ.

ಚೀಟಿ ಬೇಕಲ್ಲವೇ? ತಗೋ: ನನ್ನ ತಕರಾರು ಇದೆ. ನಾನು ಸಾಯುವ ತನಕ ಇದೆ. ಕತ್ತರಿಸಿ ನಿನ್ನ ಪಾಲಕರಿಗೆ ಕೊಡು.

ಶೇವಂತಾ


ಅಂಕಲಿ
11 ಫೆಬ್ರವರಿ 2024

ಶೇವಂತಕ್ಕಾ,

ನಿನಗೊಬ್ಬಳಿಗೇ ಕೈ ಇದೆ, ಬರೆಯಲು ಬರುತ್ತದೆ ಎಂದು ತಿಳಿಯಬೇಡ.

ನಾನು ನಿನ್ನ ಮಗಳಿಗಾಗಿ ದೇವರ ಮುಂದೆ ಅತ್ತೆ. ಅದನ್ನು ನೀನು ಚಾಡಿ ಎನ್ನುತ್ತೀಯ. ಅಳುವವರು ಯಾರಿದ್ದರು ನಿನಗೆ ಆಗ? ನಿನ್ನ ಗಂಡ ತೀರಿಕೊಂಡಾಗ ಹದಿನೈದು ದಿನ ನಿನ್ನ ಮನೆಯ ಒಲೆ ಹಚ್ಚಿದವಳು ನಾನು. ಉಪಕಾರಕ್ಕೆ ಕಾಲವಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮತ್ತೆ ಒಂದು ಮಾತು ಕೇಳುತ್ತೇನೆ. ಮುಚ್ಚಿಟ್ಟು ಮದುವೆ ಮಾಡಲು ಹೊರಟವಳು ಯಾರು? ನಾಳೆ ಗಂಡನ ಮನೆಯಲ್ಲಿ ಒಲೆಯ ಮೇಲೆ ಬಿದ್ದಿದ್ದರೆ? ಬಾವಿಯ ಕಟ್ಟೆಯ ಮೇಲೆ ಬಿದ್ದಿದ್ದರೆ? ಆಗ ಯಾರನ್ನು ಬೈಯುತ್ತಿದ್ದೆ? ಬೆಂಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡವಳು ನೀನು, ಸುಟ್ಟಿತು ಎಂದು ನನ್ನ ಮೇಲೆ ಕೂಗುವುದು ಯಾವ ನ್ಯಾಯ?

ಸೋನಾಬಾಯಿ ಬಂದು ಕೂತದ್ದು ನಾನು ಕಣ್ಣು ಮುಚ್ಚಿದ ಮೇಲೆ. ನೂರು ಸಲ ಹೇಳಿದ್ದೇನೆ, ನೂರಾ ಒಂದನೇ ಸಲ ಹೇಳುತ್ತೇನೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆದದ್ದಕ್ಕೆ ಸಾಯುವ ತನಕ ಸೇಡು ಇಟ್ಟುಕೊಳ್ಳುವವಳು ದೇವರ ಮುಂದೆ ಏನು ಉತ್ತರ ಕೊಡುತ್ತಾಳೆ, ನೀನೇ ಯೋಚಿಸು. ನಿನ್ನೊಬ್ಬಳ ಹಟಕ್ಕೆ ಸಭೆಯ ಕೆಲಸ ನಿಲ್ಲಬೇಕೇ?

ಸುಂದರಾ


ಅಥಣಿ
20 ಫೆಬ್ರವರಿ 2024

ಸುಂದರಾ,

ಮುಚ್ಚಿಟ್ಟದ್ದು ನನ್ನ ತಪ್ಪು. ಅದನ್ನು ನೀನು ಹೇಳಬೇಕಾಗಿಲ್ಲ, ಸಪನಾ ವಾರಕ್ಕೆರಡು ಸಲ ಹೇಳುತ್ತಾಳೆ. "ನಂದೇನು ಕಳವಿನ ಮಾಲೇನ ಅವ್ವಾ, ಹಂಗ ಮುಚ್ಚಿ ಇಟ್ಟಿದ್ದಿ?" ಎನ್ನುತ್ತಾಳೆ. ಆದರೆ ಆ ಮಾತು ಅವಳದು. ಹೇಳುವುದಿದ್ದರೆ ಅವಳು ಹೇಳಬೇಕಿತ್ತು, ಇಲ್ಲವೇ ಹೆತ್ತ ನಾನು ಹೇಳಬೇಕಿತ್ತು. ನಡುವೆ ನೀನು ಯಾರು?

ಒಲೆ ಹಚ್ಚಿದ್ದು ನಿಜ. ಹದಿನೈದು ದಿನ ಅಲ್ಲ, ಹನ್ನೊಂದು ದಿನ. ನಾನೂ ಮರೆತಿಲ್ಲ. ಅದಕ್ಕೇ ನಂಬಿ ಹೇಳಿದ್ದು.

ಈಗ ನಿನ್ನ ನೂರಾ ಒಂದನೇ ಮಾತಿಗೆ ಬರುತ್ತೇನೆ. ಸೀತವ್ವ ಹೋದ ವಾರ ಫೋನಿನಲ್ಲಿ ಏನೋ ಮಾತಿಗೆ ಮಾತು ಬಂದು ಹೇಳಿದಳು. ಅವತ್ತು ಸೋನಾಬಾಯಿ ನಾಲ್ಕು ಗಂಟೆಗೇ ಬಂದಿದ್ದಳು. ಚಹಾ ಕುಡಿದಳು. ಅವಳಿಗೆ ಮೊಣಕಾಲು ನೋವೆಂದು ಗೋಡೆಯ ಪಕ್ಕ ಚಾಪೆ ಹಾಸಿಕೊಟ್ಟವಳು ನೀನು.

ಒಂದೇ ಪ್ರಶ್ನೆ. ಗೊತ್ತಿತ್ತೋ ಇಲ್ಲವೋ? ಹೌದು ಅಥವಾ ಇಲ್ಲ. ಬೈಬಲಿನ ವಾಕ್ಯ, ವಚನ ಏನೂ ಬೇಡ.

ಶೇವಂತಾ


ಅಂಕಲಿ
1 ಏಪ್ರಿಲ್ 2024

ಶೇವಂತಕ್ಕಾ,

ಹೌದು. ಗೊತ್ತಿತ್ತು.

ಈ ಎರಡು ಮಾತು ಬರೆಯಲು ನಲವತ್ತು ದಿನ ಹಿಡಿಯಿತು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲೆಲ್ಲ ನಿನ್ನ ಪ್ರಶ್ನೆ ಎದೆಯ ಮೇಲೆ ಕೂತಿತ್ತು.

ಮದುವೆ ಮುರಿಯಲಿ ಎಂದು ನಾನು ಬಯಸಲಿಲ್ಲ. ದೇವರಾಣೆ, ಅದು ಮಾತ್ರ ಇಲ್ಲ. ಅವತ್ತು ಬಾಳಾಸಾಬ ತನ್ನ ಎಮ್ಮೆ ಗಬ್ಬ ನಿಲ್ಲಲಿ ಎಂದು ಬೇಡಿಕೊಂಡ. ಇನ್ನೊಬ್ಬಳು ಮಗನ ಪರೀಕ್ಷೆಗೆ ಬೇಡಿದಳು. ಎಲ್ಲ ಸಣ್ಣ ಸಣ್ಣವು. ನನ್ನ ಹತ್ತಿರ ದೊಡ್ಡದೊಂದು ಇತ್ತು. ಎದುರಿಗೆ ಕಾಗವಾಡದ ದೊಡ್ಡ ಸಭೆಯ ಹೆಂಗಸು ಕೂತಿದ್ದಳು. ಅಂಕಲಿಯ ಸುಂದರಾ ಹೇಗೆ ಪ್ರಾರ್ಥಿಸುತ್ತಾಳೆ ಎಂದು ಅವಳು ನೋಡಲಿ ಅನ್ನಿಸಿತು. ಬಾಯಿ ತೆರೆದೆ. ಎಲ್ಲರೂ ಅತ್ತರು. ಸೋನಾಬಾಯಿಯೂ ಕಣ್ಣೊರೆಸಿಕೊಂಡಳು, ನಾನು ನೋಡಿದೆ, ನನ್ನ ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಮನೆಗೆ ಹೋಗುವಾಗ ನನಗೆ ಬಹಳ ಖುಷಿಯಾಗಿತ್ತು. ಸಪನಾಳ ಗತಿ ಏನಾದೀತು ಎಂದು ಒಂದು ಸಲವೂ ಯೋಚಿಸಲಿಲ್ಲ. ಇಷ್ಟೇ ನಿಜ. ನನಗೆ ನಾಚಿಕೆಯಾಗುತ್ತದೆ.

ಆದರೆ ಈಗ ಹಗುರಾಗಿದ್ದೇನೆ. ಯಾಕೆಂದರೆ ನಿನ್ನೆ ಈಸ್ಟರ್ ಆರಾಧನೆಯಲ್ಲಿ, ದೇವರು ತಮ್ಮನ್ನು ಹೇಗೆ ಬದಲಿಸಿದ ಎಂದು ಸಾಕ್ಷಿ ಹೇಳುವವರು ಮುಂದೆ ಬರಲಿ ಎಂದಾಗ, ನಾನು ಎದ್ದು ಹೋದೆ. ಎಲ್ಲವನ್ನೂ ಹೇಳಿಬಿಟ್ಟೆ. ನಿನ್ನ ಹಿತ್ತಲಲ್ಲಿ ಕೊಟ್ಟ ಮಾತು, ಸಪನಾಳ ಫಿಟ್ಸ್, ಸೋನಾಬಾಯಿ, ನನ್ನ ಗರ್ವ, ಒಂದನ್ನೂ ಬಿಡಲಿಲ್ಲ. ಹಬ್ಬಕ್ಕೆ ರಾಯಬಾಗ, ಚಿಕ್ಕೋಡಿಯಿಂದೆಲ್ಲ ಜನ ಬಂದಿದ್ದರು. ನಾನು ಅತ್ತೆ, ಎಲ್ಲರೂ ಅತ್ತರು. ಹೊರಗೆ ಬಂದ ಮೇಲೆ ಬಾಳಾಸಾಬ, "ಇಂಥಾ ಧೈರ್ಯದ ಹೆಣಮಗಳು ಹಿರಿಯಳಾಗದಿದ್ರ ಮತ್ಯಾರಾಗಬೇಕ್ರಿ?" ಎಂದು ಎಲ್ಲರೆದುರು ಹೇಳಿದ. ಸಭಾಪಾಲಕರು ಮಾತ್ರ ತಲೆ ತಗ್ಗಿಸಿ ಕೂತಿದ್ದರು.

ಬಾಳಾಸಾಬನ ನೇಮಕವಾಯಿತು, ನನ್ನದು ಚೀಟಿಗೆ ಕಾದು ನಿಂತಿದೆ. ಈಗಲಾದರೂ ಬರೆಯುತ್ತೀಯಲ್ಲ, ಅಕ್ಕಾ?

ನಿನ್ನ
ಸುಂದರಾ


ಅಥಣಿ
6 ಏಪ್ರಿಲ್ 2024

ಸುಂದರಾ,

ನಿನ್ನ ಪತ್ರದ ಮೊದಲ ಅರ್ಧ ಓದಿ ನನ್ನ ಕಣ್ಣು ತುಂಬಿತು. ಐದು ವರ್ಷದಲ್ಲಿ ನೀನು ಹೇಳಿದ ಮೊದಲ ನಿಜ ಅದು. ಉಳಿದ ಅರ್ಧ ಓದುವ ಹೊತ್ತಿಗೆ ಅದರ ಸಮಾಚಾರ ನನಗೆ ಆಗಲೇ ಮುಟ್ಟಿತ್ತು. ಹೇಗೆಂದು ಕೇಳು.

ಸಪನಾ ಇಲ್ಲಿ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಸಾಕಷ್ಟು ಒಳ್ಳೆಯ ಹೆಸರು ತಗೊಂಡಿದ್ದಾಳೆ, ಮೇಲಿನ ಮಹಡಿಯ ಮದುವೆ ಸೀರೆಗಳೆಲ್ಲ ಅವಳದೇ ಕೈಯಲ್ಲಿದ್ದವು. ಮೂರು ವರ್ಷದಿಂದ ಒಮ್ಮೆಯೂ ಫಿಟ್ಸ್ ಬಂದಿಲ್ಲ. ಬುಧವಾರ ರಾಯಬಾಗದ ಹೆಂಗಸೊಬ್ಬಳು ಅಂಗಡಿಗೆ ಬಂದಳು. ಹೆಸರು ಕೇಳಿದಳು, ಊರು ಕೇಳಿದಳು. ಬಿಡಿಸಿದ ಸೀರೆಯನ್ನು ಹಾಗೇ ಬಿಟ್ಟು ನನ್ನ ಮಗಳ ಕೈ ಹಿಡಿದುಕೊಂಡಳು. "ನೀನ ಏನವಾ ಆ ಫಿಟ್ಸಿನ ಹುಡುಗಿ? ನಿನ್ನ ಸಲುವಾಗಿ ಹಬ್ಬದ ದಿನ ಭಾಳ ಅತ್ವಿ" ಎಂದಳು. ಮಾಲೀಕ ಅಲ್ಲೇ ಇದ್ದ. ಮರುದಿನದಿಂದ ಅವಳನ್ನು ಕೆಳಗೆ, ಬಾಗಿಲ ಹತ್ತಿರ, ಟವೆಲು ಲುಂಗಿಗಳ ಕಡೆ ಹಾಕಿದ್ದಾನೆ. "ಮೆಟ್ಟಲ ಮ್ಯಾಲಿಂದ ಬಿದ್ರ ನನ್ನ ಮ್ಯಾಲ ಬರತೈತಿ" ಎಂದನಂತೆ.

ಅವಳು ಅಳಲಿಲ್ಲ. ಊಟಕ್ಕೆ ಕೂತಾಗ ಒಂದೇ ಮಾತು ಕೇಳಿದಳು: "ಅವ್ವಾ, ಸುಂದರಾ ಚಿಗವ್ವ ನನ್ನ ಹೆಸರ ಹಿಡದು ಇನ್ನ ಎಷ್ಟ ಸಲ ದೊಡ್ಡಾಕಿ ಆಗ್ತಾಳ?"

ಇದಕ್ಕೆ ನಿನ್ನ ಹತ್ತಿರ ಉತ್ತರ ಇದ್ದರೆ ನಿನ್ನಲ್ಲೇ ಇಟ್ಟುಕೋ.

ನೀನು ತಪ್ಪು ಮಾಡಿದ್ದು ನನಗೆ, ನನ್ನ ಮಗಳಿಗೆ. ಒಪ್ಪಿಕೊಂಡದ್ದು ರಾಯಬಾಗದವರ ಮುಂದೆ. ಕ್ಷಮೆಯನ್ನೂ ಅವರ ಹತ್ತಿರವೇ ಬೇಡಿಕೋ, ಧಾರಾಳವಾಗಿ ಕೊಡುತ್ತಾರೆ, ಅವರ ಗಂಟೇನು ಹೋಗಬೇಕು? ಮೊದಲ ಸಲ ಅರಿಯದೆ ಮಾಡಿದೆಯೇನೋ ಎಂದು ಎಲ್ಲೋ ಒಂದು ಮೂಲೆಯಲ್ಲಿ ಅನುಮಾನ ಇತ್ತು. ಈಗ ಅದೂ ಹೋಯಿತು. ನೀನು ಕೆಟ್ಟವಳಲ್ಲ, ಸುಂದರಾ. ಕೆಟ್ಟವಳಾಗಿದ್ದರೆ ಸಹಿಸಬಹುದಿತ್ತು. ನಿನಗೆ ಬೇರೆಯವರ ಸಂಕಟ ಒಂದು ಒಡವೆ, ಹಾಕಿಕೊಂಡು ಮೆರೆಯುತ್ತೀಯ.

ಇನ್ನು ಬರೆಯಬೇಡ.

ಶೇವಂತಾ


ಅಂಕಲಿ
30 ಜೂನ್ 2024

ಶೇವಂತಕ್ಕಾ,

ಬರೆಯಬೇಡ ಎಂದಿದ್ದೆ. ಇದೊಂದು ಬರೆಯುತ್ತೇನೆ, ಓದದೆ ಹರಿದರೂ ಸರಿ.

ನಿನ್ನ ಪತ್ರ ಬಂದ ಮೇಲೆ ಎರಡು ವಾರ ನಿನ್ನನ್ನೇ ಬೈದೆ. ಆಮೇಲೆ ಸಭಾಪಾಲಕರ ಹತ್ತಿರ ಹೋಗಿ, ನಾನು ಮಾಡಿದ್ದರಲ್ಲಿ ತಪ್ಪೇನು ಎಂದು ಜಗಳ ತೆಗೆದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಸಾಕ್ಷಿ ಹೇಳೂಕಿಂತ ಮೊದಲ ಆ ಹುಡುಗಿನ್ನ ಒಂದು ಮಾತು ಕೇಳಿದ್ರೇನ್ರಿ, ಬಾಯಾರ?" ಎಂದರು. ನನಗೆ ಅದು ಹೊಳೆದೇ ಇರಲಿಲ್ಲ. ಐವತ್ತೆರಡು ವರ್ಷದವಳಿಗೆ, ಮಕ್ಕಳಿಗೆ ಪಾಠ ಹೇಳುವವಳಿಗೆ, ಹೊಳೆದೇ ಇರಲಿಲ್ಲ.

ಹೆಸರು ವಾಪಸು ತೆಗೆದುಕೊಂಡೆ. ಗುರುವಾರದ ಪ್ರಾರ್ಥನೆ ನಡೆಸುವುದನ್ನೂ ಬಿಟ್ಟೆ. ಹಿಂದೆ ಕೂರುತ್ತೇನೆ.

ಈಚೆಗೆ ಒಂದು ಸಂಗತಿಯಾಯಿತು. ನಮ್ಮ ಓಣಿಯ ಹೆಂಗಸೊಬ್ಬಳು, ಮಗುವನ್ನು ಕರೆದುಕೊಂಡು ಹೋಗಲು ಅಂಗನವಾಡಿಗೆ ಬಂದವಳು, ಬಾಗಿಲಲ್ಲಿ ನಿಂತು ತನ್ನದೊಂದು ಮಾತು ಹೇಳಿದಳು. ಅದು ಏನು, ಅವಳು ಯಾರು ಎಂದು ನಿನಗೂ ಬರೆಯುವುದಿಲ್ಲ. ಮೂರು ವಾರವಾಯಿತು. ಭರಮುವಿಗೂ ಹೇಳಿಲ್ಲ. ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ, ಅಕ್ಕಾ. ಸೀತವ್ವ ಎದುರು ಬಂದರೆ ನಾಲಿಗೆ ತುರಿಸುತ್ತದೆ, ಸುಳ್ಳಲ್ಲ. ಸಂಜೆ ಆ ಹೆಂಗಸಿನ ಮನೆಗೆ ಹೋಗಿ ನಾಲ್ಕು ರೊಟ್ಟಿ ಬಡಿದುಕೊಟ್ಟು ಬರುತ್ತೇನೆ. ಅವಳ ಮನೆಯಲ್ಲೂ ಆ ಮಾತು ಎತ್ತುವುದಿಲ್ಲ.

ಸಪನಾಳ ಕ್ಷಮೆ ಕೇಳಬೇಕೆಂದಿದೆ. ಕೇಳಬಹುದೇ ಎಂದು ಅವಳನ್ನು ಕೇಳಿ ಹೇಳು. ಅವಳು ಬೇಡ ಎಂದರೆ ಬೇಡ.

ಚೀಟಿ ನನಗೆ ಬೇಕಾಗಿಲ್ಲ.

ಸುಂದರಾ


ಅಥಣಿ
18 ಆಗಸ್ಟ್ 2024

ಸುಂದರಾ,

ಸಪನಾಳನ್ನು ಕೇಳಿದೆ. ಬೇಡ ಎಂದಳು.

ನೀನು ಹೆಸರು ವಾಪಸು ತೆಗೆದದ್ದನ್ನು ಸೀತವ್ವ ಹೇಳಿದ್ದಳು. ಮೆತ್ತಗಾಗಿದ್ದೀಯ, ಮಾತು ಕಡಿಮೆಯಾಗಿದೆ ಎಂದೂ ಹೇಳಿದಳು. ಬೆಕ್ಕು ಕಾಶಿಗೆ ಹೋಗಿ ಬಂತೆಂದರೆ ನಂಬುವ ಇಲಿ ನಾನಲ್ಲ.

ಹಾಗಿದ್ದೂ ನಿನಗೊಂದು ವಿಷಯ ಬರೆಯುತ್ತಿದ್ದೇನೆ. ಯಾಕೆಂದು ನನಗೇ ಸರಿಯಾಗಿ ಗೊತ್ತಿಲ್ಲ. ಬಹುಶಃ ಇನ್ನೊಮ್ಮೆ ಬಾಯಿ ಬಿಡು, ನಿನ್ನನ್ನು ದ್ವೇಷಿಸುವ ಕೆಲಸ ಸಲೀಸಾಗಲಿ ಎಂದಿರಬೇಕು. ಈಚೆಗೆ ಅದಕ್ಕೂ ನನ್ನಲ್ಲಿ ಶಕ್ತಿ ಸಾಲುತ್ತಿಲ್ಲ.

ನನ್ನ ಎಡ ಎದೆಯಲ್ಲಿ ಗಂಟಾಗಿದೆ. ಮಿರಜದಲ್ಲಿ ತುಂಡು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್. ಸೆಪ್ಟೆಂಬರ್ 26ಕ್ಕೆ ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ಇಂಜೆಕ್ಷನ್. ಸಪನಾಳಿಗೆ ಗೊತ್ತು. ಹಾಸ್ಟೆಲಿನವರಿಗೆ ಬೇರೆ ಏನೋ ಹೆಸರು ಹೇಳಿ ರಜೆ ಕೇಳಿದ್ದೇನೆ. ನಿಜ ಹೇಳಿದರೆ, ಇವಳ ಕೈಯಡುಗೆ ಮಕ್ಕಳು ಹೇಗೆ ಉಣ್ಣಬೇಕು ಎಂದು ಹೊರಗೆ ಹಾಕುತ್ತಾರೆ. ಅಂಕಲಿಗೆ ಗೊತ್ತಾದರೆ ಇನ್ನೊಂದು. ಸಭೆ ಬಿಟ್ಟು ಹೋದಾಕಿಗೆ ದೇವರು ತೋರಿಸಿದ ಎನ್ನುತ್ತಾರೆ. ಎನ್ನುವವರ ಹೆಸರು ಸಹಿತ ನಾನು ಈಗಲೇ ಬರೆದುಕೊಡಬಲ್ಲೆ.

ಇಡೀ ಊರಲ್ಲಿ ಇದು ಗೊತ್ತಿರುವುದು ನಿನಗೊಬ್ಬಳಿಗೇ. ಬರಬೇಡ. ನನಗಾಗಿ ಪ್ರಾರ್ಥನೆಯೂ ಬೇಡ. ನಿನ್ನ ಪ್ರಾರ್ಥನೆಯ ರುಚಿ ನೋಡಿದ್ದಾಗಿದೆ.

ಶೇವಂತಾ


ಅಂಕಲಿ
24 ಆಗಸ್ಟ್ 2024

ಅಕ್ಕಾ,

ಪತ್ರ ತಲುಪಿತು. ಓದಿ ಒಲೆಗೆ ಹಾಕಿದೆ.

ಸುಂದರಾ


ಅಥಣಿ
2 ಸೆಪ್ಟೆಂಬರ್ 2024

ಸುಂದರಾ,

ಇಷ್ಟೇ ಏನು? ಸಾಯುವ ರೋಗ ಬಂದಿದೆ ಎಂದು ಬರೆದರೆ ಕರೆಂಟಿನವರ ನೋಟೀಸಿನಂತೆ ಎರಡು ಸಾಲು? ಬಾಳಾಸಾಬನ ಎಮ್ಮೆಗೆ ಕಣ್ಣೀರು ಸುರಿಸುವವಳಿಗೆ ನನ್ನ ವಿಷಯದಲ್ಲಿ ಒಂದು 'ಅಯ್ಯೋ' ಕೂಡ ಹುಟ್ಟಲಿಲ್ಲವೇ? ಜನ ನೋಡುತ್ತಿದ್ದರೆ ಮಾತ್ರ ನಿನಗೆ ಅಳು ಬರುತ್ತದೆ ಎಂದು ನಾನು ಮೊದಲೇ ತಿಳಿದುಕೊಳ್ಳಬೇಕಿತ್ತು.

ನಿನ್ನೆ ಹಿಟ್ಟು ನಾದುವಾಗ ಕೈ ಎತ್ತಲು ಆಗಲಿಲ್ಲ. ಹುಡುಗಿಯರು ಏನಾಯಿತು ಆಂಟಿ ಎಂದರು. ಏನಿಲ್ಲ ಎಂದೆ. ಬರೆಯುವುದಿದ್ದರೆ ಮನುಷ್ಯರ ಹಾಗೆ ಬರೆ, ಇಲ್ಲವಾದರೆ ಕಾಗದ ಹಾಳು ಮಾಡಬೇಡ.

ಶೇವಂತಾ


ಅಂಕಲಿ
9 ಸೆಪ್ಟೆಂಬರ್ 2024

ಅಕ್ಕಾ,

ಅವತ್ತು ಐದು ಪುಟ ಬರೆದಿದ್ದೆ. ಕಳಿಸುವ ಮೊದಲು ಓದಿ ನೋಡಿದೆ. ನನಗೆ ಎಷ್ಟು ದುಃಖವಾಯಿತು, ನಾನು ಹೇಗೆ ಊಟ ಬಿಟ್ಟೆ, ನಾನು ಹೇಗೆ ಅತ್ತೆ ಎಂದೇ ಐದೂ ಪುಟ ಇತ್ತು. ನಿನ್ನ ಬಗ್ಗೆ ಒಂದು ಸಾಲೂ ಇರಲಿಲ್ಲ. ನಿನ್ನ ಪತ್ರದ ಜೊತೆ ಅವನ್ನೂ ಒಲೆಗೆ ಹಾಕಿದೆ. ಉಳಿದದ್ದು ಎರಡೇ ಸಾಲು.

ಕೈ ಎತ್ತಲು ಆಗದಿದ್ದರೆ ಹಿಟ್ಟನ್ನು ಪರಾತದಲ್ಲಿ ನೆಲದ ಮೇಲಿಟ್ಟು, ಮೊಣಕಾಲೂರಿ ಬಲಗೈಯಲ್ಲಿ ನಾದು, ಭಾರ ಬೀಳುವುದಿಲ್ಲ. ಬಿಸಿನೀರಿನ ಕೊಡ ನೀನು ಎತ್ತಬೇಡ.

ಬರಬೇಡ ಎಂದಿದ್ದೀಯ, ಬರುವುದಿಲ್ಲ. ಬಾ ಎಂದರೆ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ, ಎಲ್ಲಿಗೆ ಹೋದೆ ಎಂದು ಯಾರಿಗೂ ಹೇಳುವುದಿಲ್ಲ.

ಪ್ರಾರ್ಥನೆಯ ವಿಷಯದಲ್ಲಿ ಮಾತ್ರ ನಿನ್ನ ಮಾತು ಮೀರುತ್ತಿದ್ದೇನೆ. ಮಧ್ಯಾಹ್ನ ಮಕ್ಕಳು ಉಂಡು ಮಲಗಿದಾಗ, ಕಾಳು ಆರಿಸುತ್ತಾ. ತುಟಿಯೂ ಅಲ್ಲಾಡುವುದಿಲ್ಲ. ಬೈಯುವುದಿದ್ದರೆ ಬೈ.

ಸುಂದರಾ


ಅಥಣಿ
9 ಮಾರ್ಚ್ 2025

ಸಭಾಪಾಲಕರಾದ ವಿಕ್ರಾಂತ ಅವರಿಗೆ,

ನಾನು ಶೇವಂತಾ. ನನ್ನ ಹೆಸರು ನೀವು ಕೇಳಿದ್ದೀರಿ, ಬೇಕಾದದ್ದಕ್ಕಿಂತ ಹೆಚ್ಚು ಕೇಳಿದ್ದೀರಿ. ನಾನು ನಿಮ್ಮ ಸಭೆಯವಳಲ್ಲ. ಈ ಈಸ್ಟರಿಗೆ ಮತ್ತೆ ಹಿರಿಯರನ್ನು ನೇಮಿಸುತ್ತೀರಂತೆ. ಹೋದ ವರ್ಷದಿಂದ ಖಾಲಿ ಉಳಿದ ಜಾಗಕ್ಕೆ ಓಣಿಯ ಹೆಂಗಸರೆಲ್ಲ ಸೇರಿ ಮತ್ತೆ ಸುಂದರಾಳ ಹೆಸರನ್ನೇ ಹೇಳಿದ್ದಾರೆ, ಅವಳು 'ನನ್ನ ಹತ್ತಿರ ಚೀಟಿ ಇಲ್ಲ, ತರುವುದೂ ಇಲ್ಲ' ಎಂದು ಎದ್ದು ಹೋಗಿದ್ದಾಳೆ ಎಂದು ಸೀತವ್ವ ಫೋನಿನಲ್ಲಿ ಹೇಳಿದಳು. ಸುಂದರಾ ಇದನ್ನು ನನಗೆ ಬರೆದಿಲ್ಲ. ಸೆಪ್ಟೆಂಬರಿನಿಂದ ಅವಳು ನನಗೆ ಏನನ್ನೂ ಬರೆದಿಲ್ಲ. ನಾನೂ ಬರೆದಿಲ್ಲ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ನಾನು ಅವಳನ್ನು ಕ್ಷಮಿಸಿಲ್ಲ. ನನ್ನ ಮಗಳು ಇನ್ನೂ ಟವೆಲು ಮಾರುತ್ತಿದ್ದಾಳೆ. ತನ್ನ ಮಾತು ತಾನೇ ಹೇಳುತ್ತೇನೆಂದು ಅವಳು ಈಗ ನೋಡಲು ಬಂದ ವರನಿಗೆ ಚಹಾ ಕೊಡುವ ಮೊದಲೇ ಗುಳಿಗೆಯ ಚೀಟಿ ತೋರಿಸುತ್ತಾಳೆ. ಇಬ್ಬರು ಚಹಾ ಕುಡಿಯದೆ ಎದ್ದು ಹೋದರು. ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಯಾರ ಮೇಲೆ ಎಂದು ನಿಮಗೆ ಗೊತ್ತು. ಹಾಗಾಗಿ ತಕರಾರಿಲ್ಲ ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಸುಳ್ಳು ಚೀಟಿ ನಿಮಗೂ ಬೇಡ.

ಆದರೆ ಇನ್ನೊಂದು ಸಂಗತಿ ಇದೆ. ಹೋದ ಆಗಸ್ಟಿನಲ್ಲಿ ನಾನು ಅವಳಿಗೆ ನನ್ನದೊಂದು ಮಾತು ಬರೆದೆ. ಕೆಟ್ಟ ಮನಸ್ಸಿನಿಂದಲೇ ಬರೆದೆ, ಹೇಳಿಬಿಡಲಿ ಎಂದೇ ಬರೆದೆ. ಅದು ಏನೆಂದು ನಿಮಗೆ ಹೇಳುವುದಿಲ್ಲ. ಬೇಕಾದರೆ ಅವಳನ್ನು ಕೇಳಿ ನೋಡಿ, ಹೇಳುವುದಿಲ್ಲ. ಅಂಥ ಮಾತು ಹೊರಗೆ ಬಿದ್ದರೆ ಅಂಕಲಿಯವರು ಮನೆಯಲ್ಲಿ ಕೂರುವವರಲ್ಲ. ಟೆಂಪೋ ಮಾಡಿಕೊಂಡು, ಹಣ್ಣು ಹಿಡಿದುಕೊಂಡು, ಹಾಡಿನ ಪುಸ್ತಕ ಹಿಡಿದುಕೊಂಡು ಬಂದು ನನ್ನ ಸುತ್ತ ಕೂತು ಅಳುತ್ತಿದ್ದರು.

ಸೀತವ್ವ ನನಗೆ ಪ್ರತಿ ಶುಕ್ರವಾರ ಫೋನು ಮಾಡುತ್ತಾಳೆ. ಅವಳ ಕಿವಿಗೆ ಬೀಳದ ಸುದ್ದಿ ಆ ಊರಲ್ಲಿ ಇಲ್ಲ. ಈ ಏಳು ತಿಂಗಳಲ್ಲಿ ಯಾರ ಸೊಸೆ ತವರಿಗೆ ಹೋದಳು, ಯಾರ ಕಬ್ಬಿಗೆ ಬೆಂಕಿ ಬಿತ್ತು ಎಲ್ಲ ಹೇಳಿದಳು. ನಾನು ಮಾತಾಡಲು ಆಗದೆ ಹೂಂ ಹೂಂ ಎನ್ನುತ್ತಿದ್ದ ದಿನಗಳೂ ಇದ್ದವು. ಒಮ್ಮೆಯೂ ಅವಳು, "ನೀ ಆರಾಮ ಅದೀಯೇನವಾ?" ಎಂದು ಕೇಳಲಿಲ್ಲ.

ನನ್ನ ಮನೆಯ ಕಿಟಕಿಯಿಂದ ಬಸ್ ಸ್ಟ್ಯಾಂಡಿನ ದಾರಿ ಕಾಣುತ್ತದೆ. ಹಾಸಿಗೆ ಅಲ್ಲೇ ಹಾಕಿಸಿಕೊಂಡಿದ್ದೆ. ಮೊದಲ ತಿಂಗಳು, ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ, ಬರಲಿ, ಬಂದವರ ಮುಂದೆಯೇ ಅವಳನ್ನು ಬೈಯುತ್ತೇನೆ ಎಂದು ಕಾದೆ. ಆಮೇಲಾಮೇಲೆ ಯಾರಾದರೂ ಬಂದರೆ ಸಾಕಿತ್ತು ಎಂದು ಕಾದ ದಿನಗಳೂ ಇವೆ, ಸುಳ್ಳು ಯಾಕೆ ಹೇಳಲಿ. ಬಾ ಎಂದು ಅವಳಿಗೆ ಬರೆಯಬಹುದಿತ್ತು. ನನ್ನ ಹಟ ಬಿಡಲಿಲ್ಲ.

ಈ ಪತ್ರವನ್ನು ಸಭೆಯಲ್ಲಿ ಓದಬೇಡಿ. ಅವಳಿಗೂ ತೋರಿಸಬೇಡಿ. ಅಂಕಲಿಯಿಂದ ನನ್ನನ್ನು ನೋಡಲು ಒಬ್ಬರೂ ಬರಲಿಲ್ಲ. ಅವಳ ತಲೆಯ ಮೇಲೆ ಕೈ ಇಡಿ.

ಇಂತಿ,
ಶೇವಂತಾ